ಟ್ರಾಮಿನಲ್ಲಿ ಸುಮ್ಮನೆ ಕುಳಿತವರು

ಚರಿತ್ರೆಯ ಪಾಠವನ್ನು ಹೇಳುವಾಗ ಉಪಾಧ್ಯಾಯರಾದ ನಾವು ಸಾಮಾನ್ಯವಾಗಿ ಎರಡು ಬಗೆಯ ಜನರನ್ನು ಕುರಿತು ಮಾತನಾಡುತ್ತೇವೆ. ಅನ್ಯಾಯವನ್ನು ಮಾಡಿದವರು ಒಂದು ಬಗೆ. ಅದನ್ನು ಅನುಭವಿಸಿದವರು ಮತ್ತೊಂದು ಬಗೆ. ಅನ್ಯಾಯ ನಡೆಯುತ್ತಿದ್ದಾಗ ಅಲ್ಲಿಯೇ ನಿಂತು ನೋಡುತ್ತಿದ್ದ ಮೂರನೆಯ ಬಗೆಯವರು ಪಠ್ಯಪುಸ್ತಕದಲ್ಲಿ ಕಾಣಸಿಗುವುದು ಅಪರೂಪ. ಸಂಖ್ಯೆಯಲ್ಲಿ ನೋಡಿದರೆ ಅವರೇ ಹೆಚ್ಚು. ಆದರೆ ಅವರು ಏನನ್ನೂ ಮಾಡಲಿಲ್ಲ, ಏನನ್ನೂ ಆಡಲಿಲ್ಲ. ಆದುದರಿಂದ ಅವರ ಹೆಸರಿನಲ್ಲಿ ಶಾಸನವಿಲ್ಲ, ಪತ್ರವಿಲ್ಲ, ನ್ಯಾಯಾಲಯದ ತೀರ್ಪೂ ಇಲ್ಲ. ಆಡದ ಮಾತಿಗೆ ದಾಖಲೆ ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ನನಗೆ ದೊರೆತ ಒಂದು ಉತ್ತರ ಕಿರುಚಿತ್ರ. ಹತ್ತು ಹನ್ನೆರಡು ನಿಮಿಷಗಳಲ್ಲಿ ಮುಗಿದುಹೋಗುವ ಇಂತಹ ಚಿತ್ರದಲ್ಲಿ ದೊಡ್ಡ ಕಥೆಗೆ ಎಡೆಯಿಲ್ಲ. ಒಂದು ಬೀದಿ, ಒಂದು ಊಟದ ಮೇಜು, ಒಂದು ಬಂಡಿ: ಇಷ್ಟೇ ಅದರ ರಂಗಸ್ಥಳ. ಅಷ್ಟು ಚಿಕ್ಕ ಜಾಗದಲ್ಲಿ ಒಬ್ಬನು ಇನ್ನೊಬ್ಬನನ್ನು ಅವಮಾನಪಡಿಸಿದರೆ ಪಕ್ಕದಲ್ಲಿ ಕುಳಿತವನ ಮುಖವೂ ಚಿತ್ರದೊಳಗೆ ಬಂದೇ ಬರುತ್ತದೆ. ಆ ಪಕ್ಕದವನ ಮುಖವನ್ನು ಕಿರುಚಿತ್ರಗಳು ಹೇಗೆ ತೋರಿಸಿವೆ, ಎಲ್ಲಿ ತೋರಿಸದೆ ಬಿಟ್ಟಿವೆ ಎಂಬುದನ್ನು ನಾಲ್ಕು ಚಿತ್ರಗಳ ಮೂಲಕ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲನೆಯದು ಅಮೆರಿಕದಲ್ಲಿ 1945ರಲ್ಲಿ ತಯಾರಾದ ‘ದಿ ಹೌಸ್ ಐ ಲಿವ್ ಇನ್’, ಎಂದರೆ ‘ನಾನು ವಾಸಿಸುವ ಮನೆ’. ನಿರ್ದೇಶಕ ಮರ್ವಿನ್ ಲೆರಾಯ್. ಬರೆದವನು ಆಲ್ಬರ್ಟ್ ಮಾಲ್ಟ್ಸ್. ಪ್ರಸಿದ್ಧ ಗಾಯಕನಾದ ಫ್ರಾಂಕ್ ಸಿನಾತ್ರಾ ಇದರಲ್ಲಿ ತಾನೇ ತಾನಾಗಿ ಬರುತ್ತಾನೆ. ಹಾಡಿನ ಮುದ್ರಣದ ನಡುವೆ ಸ್ವಲ್ಪ ಬಿಡುವು ಮಾಡಿಕೊಂಡು ಅವನು ಹೊರಗೆ ಬಂದಾಗ ಹುಡುಗರ ಗುಂಪೊಂದು ಒಬ್ಬ ಬಾಲಕನನ್ನು ಅಟ್ಟಿಸಿಕೊಂಡು ಬಂದು ಗೋಡೆಗೆ ಒತ್ತರಿಸಿರುತ್ತದೆ. ಅವರಿಗೆ ಆ ಬಾಲಕನ ಧರ್ಮ ಹಿಡಿಸದು. ಸಿನಾತ್ರಾ ಕಂಡೂ ಕಾಣದವನಂತೆ ಒಳಕ್ಕೆ ಹಿಂತಿರುಗುವುದಿಲ್ಲ. ನಡುವೆ ನಿಂತು, ಗದರಿಸದೆ, ತಿಳಿಯಹೇಳಿ, ಒಂದು ಹಾಡನ್ನು ಹಾಡಿ ಹುಡುಗರನ್ನು ಒಂದುಗೂಡಿಸಿ ಕಳುಹಿಸುತ್ತಾನೆ. ಯೂರೋಪಿನಲ್ಲಿ ಯಹೂದ್ಯರ ಮೇಲೆ ನಡೆದ ಘೋರ ಕೃತ್ಯಗಳು ಲೋಕಕ್ಕೆ ತಿಳಿದುಬಂದ ವರ್ಷವದು. ಬೀದಿಯಲ್ಲಿ ಹೋಗುವ ದಾರಿಹೋಕನೂ ಬಾಯಿ ತೆರೆಯಬೇಕೆಂದು ಹೇಳಿದ ಈ ಚಿತ್ರಕ್ಕೆ 1946ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿಯ ವಿಶೇಷ ಪ್ರಶಸ್ತಿ ದೊರೆಯಿತು.

ಚಿತ್ರ ಒಳ್ಳೆಯದೇ. ಆದರೂ ಚರಿತ್ರೆಯ ವಿದ್ಯಾರ್ಥಿಯು ಇದನ್ನು ಎರಡನೆಯ ಸಲವೂ ನೋಡಬೇಕು. ಸಿನಾತ್ರಾನ ಸುತ್ತ ನಿಂತಿರುವ ಹುಡುಗರೆಲ್ಲರೂ ಬಿಳಿಯರು. ಆ ಹಾಡನ್ನು ಬರೆದ ಏಬೆಲ್ ಮೀರೊಪೋಲ್ ಅದರಲ್ಲಿ ಕರಿಯರೂ ಬಿಳಿಯರೂ ನೆರೆಹೊರೆಯಾಗಿ ಬಾಳುವುದನ್ನು ಹೇಳಿದ್ದನು. ಚಿತ್ರದಲ್ಲಿ ಆ ಭಾಗವನ್ನು ಬಿಟ್ಟರು. ಕವಿಗೆ ಇದರಿಂದ ಬಹಳ ಸಿಟ್ಟು ಬಂದಿತು. ಇದಲ್ಲದೆ, ಹುಡುಗರಿಗೆ ಐಕಮತ್ಯವನ್ನು ಬೋಧಿಸಲೆಂದು ಸಿನಾತ್ರಾ ಯುದ್ಧದ ಪ್ರಸಂಗವೊಂದನ್ನು ಹೇಳುವಾಗ ಜಪಾನೀಯರನ್ನು ಹೀನಾಯವಾದ ಅಡ್ಡಹೆಸರಿನಿಂದಲೇ ಕರೆಯುತ್ತಾನೆ. 1942ರಿಂದ ಮೊದಲ್ಗೊಂಡು ಸುಮಾರು 1,20,000 ಮಂದಿ ಜಪಾನೀ ಮೂಲದವರನ್ನು ಅದೇ ದೇಶದ ಸರ್ಕಾರವು ಶಿಬಿರಗಳಲ್ಲಿ ಕೂಡಿಹಾಕಿತ್ತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ ಆಗಿದ್ದರು. ಒಂದು ದ್ವೇಷದ ವಿರುದ್ಧ ದನಿಯೆತ್ತಿದ ಚಿತ್ರವು ಉಳಿದೆರಡರ ವಿಷಯದಲ್ಲಿ ತಾನೇ ಸುಮ್ಮನಿದ್ದ ದಾರಿಹೋಕನಾಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಚಿತ್ರವನ್ನು ಬರೆದ ಮಾಲ್ಟ್ಸ್ 1947ರಲ್ಲಿ ತನ್ನ ರಾಜಕೀಯ ನಂಬಿಕೆಗಳನ್ನು ಕುರಿತು ಶಾಸನಸಭೆಯ ಸಮಿತಿಯು ಕೇಳಿದ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪದೆ, 1950ರಲ್ಲಿ ಸೆರೆಮನೆಗೆ ಹೋದನು. ಅವನೂ ಅವನ ಒಂಬತ್ತು ಮಂದಿ ಜೊತೆಗಾರರೂ ಕೆಲಸ ಕಳೆದುಕೊಂಡಾಗ, ಮುಂದೆ ಬಂದು ಅವರ ಪರವಾಗಿ ನಿಂತವರು ಚಿತ್ರೋದ್ಯಮದಲ್ಲಿ ಹೆಚ್ಚು ಮಂದಿ ಇರಲಿಲ್ಲ.

ಎರಡನೆಯ ಚಿತ್ರ, ಅಮೆರಿಕದ ಯುದ್ಧ ಇಲಾಖೆಯೇ ಮಾಡಿಸಿ 1947ರಲ್ಲಿ ಜನರಿಗೆ ತೋರಿಸಿದ ‘ಡೋಂಟ್ ಬಿ ಎ ಸಕ್ಕರ್’, ಎಂದರೆ ‘ಮೋಸಹೋಗದಿರು’. ಬೀದಿಯಲ್ಲಿ ಒಬ್ಬನು ಎತ್ತರದ ಜಾಗದಲ್ಲಿ ನಿಂತು ಭಾಷಣ ಮಾಡುತ್ತಿದ್ದಾನೆ. ಕರಿಯರು, ಪರದೇಶದಿಂದ ಬಂದವರು, ಕ್ಯಾಥೊಲಿಕರು ಇವರೆಲ್ಲ ನಮ್ಮ ಕೆಲಸಗಳನ್ನು ಕಿತ್ತುಕೊಳ್ಳುತ್ತಿದ್ದಾರೆಂದು ಅವನ ಕೂಗು. ಕೇಳುತ್ತ ನಿಂತಿರುವವರಲ್ಲಿ ಮೈಕ್ ಎಂಬ ತರುಣನೊಬ್ಬನಿದ್ದಾನೆ. ಮಾತು ಮಾತಿಗೂ ಅವನು ತಲೆದೂಗುತ್ತಾನೆ. ಭಾಷಣಕಾರನು ತನ್ನ ಪಟ್ಟಿಗೆ ಫ್ರೀಮೇಸನ್ ಸಂಘದವರನ್ನೂ ಸೇರಿಸಿದೊಡನೆ ಮೈಕನ ಮುಖ ಬದಲಾಗುತ್ತದೆ. ಏಕೆಂದರೆ ಅವನು ಆ ಸಂಘಕ್ಕೆ ಸೇರಿದವನು. ಪಕ್ಕದಲ್ಲಿದ್ದ ವಯಸ್ಸಾದ ಪ್ರಾಧ್ಯಾಪಕನೊಬ್ಬನು ಅವನನ್ನು ಕರೆದು ಕುಳ್ಳಿರಿಸಿ, ತಾನು ಬರ್ಲಿನಿನಲ್ಲಿ ಇಂತಹುದೇ ಭಾಷಣಗಳನ್ನು ಕೇಳಿದ್ದುದನ್ನೂ, ಅಲ್ಲಿನ ಜನರು ಒಂದೊಂದು ಗುಂಪಾಗಿ ಒಡೆದುಹೋದುದನ್ನೂ ಹೇಳುತ್ತಾನೆ. ಪ್ರಾಧ್ಯಾಪಕನ ಪಾತ್ರವನ್ನು ವಹಿಸಿದವನು ಹಂಗೆರಿಯಲ್ಲಿ ಹುಟ್ಟಿದ ನಟ ಪಾಲ್ ಲುಕಾಸ್.

ಈ ಚಿತ್ರವು ನೋಡುಗನನ್ನು ಬಹಳ ಚೆನ್ನಾಗಿ ಬಲ್ಲದು. ತನ್ನ ಸರದಿ ಬರುವವರೆಗೆ ತಲೆದೂಗುವುದು ಮೈಕನ ದೋಷ. ಅದು ಅವನೊಬ್ಬನದೇ ಅಲ್ಲ. ಆದರೆ ಚಿತ್ರವನ್ನು ಮಾಡಿಸಿದ ಸೈನ್ಯದೊಳಗೆ ಆ ಸಮಯದಲ್ಲಿ ಕರಿಯ ಸಿಪಾಯಿಗಳ ದಳಗಳು ಬೇರೆ, ಬಿಳಿಯರ ದಳಗಳು ಬೇರೆ. ಈ ಪದ್ಧತಿಯನ್ನು ಕೊನೆಗಾಣಿಸಬೇಕೆಂದು ಅಧ್ಯಕ್ಷ ಟ್ರೂಮನ್ ಆಜ್ಞೆ ಹೊರಡಿಸಿದ್ದು 1948ರ ಜುಲೈ 26ರಂದು. ಅಲ್ಲಿಯವರೆಗೆ ಸೈನ್ಯವು ಪರರಿಗೆ ಹೇಳಿದ ಪಾಠವನ್ನು ತಾನೇ ಕಲಿತಿರಲಿಲ್ಲ. ಎಪ್ಪತ್ತು ವರ್ಷಗಳ ತರುವಾಯ, 2017ರ ಆಗಸ್ಟ್ ತಿಂಗಳಲ್ಲಿ ವರ್ಜೀನಿಯಾದ ಷಾರ್ಲಟ್ಸ್‌ವಿಲ್ ನಗರದಲ್ಲಿ ಬಿಳಿಯರ ಮೇಲ್ಮೆಯನ್ನು ಸಾರುವವರ ಮೆರವಣಿಗೆ ನಡೆದು ಒಂದು ಜೀವ ಬಲಿಯಾದಾಗ ಅಮೆರಿಕದ ಜನರು ಈ ಹಳೆಯ ಚಿತ್ರವನ್ನು ಹುಡುಕಿ ತೆಗೆದು ಒಬ್ಬರಿಂದೊಬ್ಬರಿಗೆ ಹಂಚಿಕೊಂಡರು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸುಮ್ಮನಿರುವವರೆಲ್ಲರೂ ಕೆಟ್ಟವರೇ? ಅಲ್ಲವೆಂದೇ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಅಮೆರಿಕದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬಿಬ್ಬರು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಕೊಠಡಿಯಲ್ಲಿ ಕುಳಿತು ಏನೋ ಬರೆಯುತ್ತಿರುವ ವ್ಯಕ್ತಿಯ ಎದುರಿಗೆ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಬ್ಬನೇ ಇದ್ದಾಗ ನೂರಕ್ಕೆ 75 ಮಂದಿ ಎದ್ದುಹೋಗಿ ಹೊಗೆಯ ಸಂಗತಿಯನ್ನು ತಿಳಿಸಿದರು. ಆದರೆ ಏನೂ ಆಗದವರಂತೆ ಕುಳಿತಿರಬೇಕೆಂದು ಮೊದಲೇ ಹೇಳಿಸಿಕೊಂಡ ಇಬ್ಬರು ಜೊತೆಗಿದ್ದಾಗ ತಿಳಿಸಿದವರು ನೂರಕ್ಕೆ 10 ಮಂದಿ ಮಾತ್ರ. ಕಣ್ಣು ಉರಿಯುತ್ತಿದ್ದರೂ ಉಳಿದವರು ಕಣ್ಣುಜ್ಜಿಕೊಳ್ಳುತ್ತ ಅಲ್ಲಿಯೇ ಕುಳಿತಿದ್ದರು. ಮನುಷ್ಯನು ಪಕ್ಕದವನ ಮುಖವನ್ನು ನೋಡಿ ತನ್ನ ಕರ್ತವ್ಯವನ್ನು ನಿಶ್ಚಯಿಸಿಕೊಳ್ಳುತ್ತಾನೆ. ಪಕ್ಕದವನೂ ಅದೇ ಹೊತ್ತಿಗೆ ಇವನ ಮುಖವನ್ನೇ ನೋಡುತ್ತಿರುತ್ತಾನೆ. ಇಬ್ಬರೂ ಸುಮ್ಮನಿರುವುದನ್ನು ಕಂಡು, ಏನೂ ಆಗಿಲ್ಲವೆಂದು ಇಬ್ಬರೂ ತಿಳಿಯುತ್ತಾರೆ. ಇದು ಮೌನಕ್ಕೆ ಕಾರಣವೇ ಹೊರತು ಸಮರ್ಥನೆಯಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮೂರನೆಯ ಚಿತ್ರದಲ್ಲಿ ಬೈಗಳಿಲ್ಲ, ಭಾಷಣವಿಲ್ಲ. ದ್ವೇಷವೆಂದು ಕರೆಯುವುದಕ್ಕೂ ಸಂಕೋಚವಾಗುವಷ್ಟು ಸಣ್ಣ ಸಂಗತಿ. ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಆಡಂ ಡೇವಿಡ್ಸನ್ 1989ರಲ್ಲಿ ಮಾಡಿದ ‘ದಿ ಲಂಚ್ ಡೇಟ್’ ಎಂಬ ಈ ಕಪ್ಪುಬಿಳುಪಿನ ಚಿತ್ರಕ್ಕೆ 1990ರಲ್ಲಿ ಕಾನ್ ಉತ್ಸವದ ಕಿರುಚಿತ್ರ ಪ್ರಶಸ್ತಿಯೂ 1991ರಲ್ಲಿ ಆಸ್ಕರ್ ಪ್ರಶಸ್ತಿಯೂ ದೊರೆತವು. ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಅನುಕೂಲಸ್ಥಳಾದ ಬಿಳಿಯ ವೃದ್ಧೆಯೊಬ್ಬಳು ರೈಲು ತಪ್ಪಿಸಿಕೊಂಡು, ಊಟದ ಮನೆಯಲ್ಲಿ ಒಂದು ತಟ್ಟೆ ಸೊಪ್ಪು ತರಕಾರಿಯನ್ನು ಕೊಂಡು ಮೇಜಿನ ಮೇಲಿಟ್ಟು ಚಮಚ ತರಲು ಹೋಗುತ್ತಾಳೆ. ಬಂದು ನೋಡಿದರೆ ಹರಕು ಉಡುಪಿನ ಕರಿಯನೊಬ್ಬನು ಅದನ್ನು ತಿನ್ನುತ್ತಿದ್ದಾನೆ. ಅವಳು ಕೆರಳಿ, ಎದುರಿಗೆ ಕುಳಿತು, ಅದೇ ತಟ್ಟೆಯಿಂದ ತಾನೂ ತಿನ್ನತೊಡಗುತ್ತಾಳೆ. ಅವನು ಮೊದಲು ಬೆರಗಾಗಿ, ಆಮೇಲೆ ಒಪ್ಪಿಕೊಂಡು, ಕೊನೆಗೆ ಅವಳಿಗೂ ಒಂದು ಲೋಟ ಕಾಫಿ ತಂದುಕೊಡುತ್ತಾನೆ. ಎದ್ದುಹೋದವಳು ಚೀಲಗಳನ್ನು ಮರೆತೆನೆಂದು ಓಡಿಬಂದಾಗ ಮುಂದಿನ ಮೇಜಿನಲ್ಲಿ ಅವಳ ಚೀಲಗಳೂ, ಮುಟ್ಟದೆ ಇದ್ದ ಅವಳ ತಟ್ಟೆಯೂ ಹಾಗೆಯೇ ಇವೆ! ಅವನ ಊಟವನ್ನು ತಿಂದವಳು ಅವಳೇ.

ಇಲ್ಲಿ ಸುಮ್ಮನಿದ್ದ ನೋಡುಗರು ಯಾರು? ಚಿತ್ರವನ್ನು ನೋಡುತ್ತಿದ್ದ ನಾವೇ. ಆ ತಟ್ಟೆ ವೃದ್ಧೆಯದೆಂದು ನಾವು ಕೂಡ ನಿಶ್ಚಯಿಸಿಬಿಟ್ಟಿದ್ದೆವು. ಇನ್ನೊಂದು ಮೇಜು ಇರಬಹುದೆಂಬ ಅನುಮಾನವೇ ನಮಗೆ ಬರಲಿಲ್ಲ. ಅವಳು ತನ್ನ ತಪ್ಪಿಗೆ ನಗುತ್ತಾಳೆ, ರೈಲು ಹತ್ತುತ್ತಾಳೆ. ಕ್ಷಮೆ ಕೇಳುವುದಕ್ಕೆ ಆ ಮನುಷ್ಯನು ಅಲ್ಲಿ ಇಲ್ಲ.

ಇನ್ನು ನಾಲ್ಕನೆಯದು. ಇದನ್ನು ಅರಿಯಲು 1990ರ ಜರ್ಮನಿಯನ್ನು ನೆನೆಯಬೇಕು. ಎರಡು ಜರ್ಮನಿಗಳು ಆ ವರ್ಷ ಒಂದಾದವು. ಹರ್ಷ ಬೇಗನೆ ಮಾಸಿತು; ಪೂರ್ವ ಭಾಗದಲ್ಲಿ ಕಾರ್ಖಾನೆಗಳು ಮುಚ್ಚಿದವು; ಸಿಟ್ಟು ಪರದೇಶೀಯರ ಮೇಲೆ ತಿರುಗಿತು. 1991ರ ಸೆಪ್ಟೆಂಬರಿನಲ್ಲಿ ಹೊಯರ್ಸ್‌ವೆರ್ಡಾ ಪಟ್ಟಣದಲ್ಲಿ ವಲಸೆಗಾರರ ವಸತಿಗಳ ಮೇಲೆ ದಾಳಿಯಾಯಿತು. 1992ರ ಆಗಸ್ಟಿನಲ್ಲಿ ರೋಸ್ಟಾಕ್ ನಗರದ ಲಿಖ್ಟನ್‌ಹಾಗೆನ್ ಬಡಾವಣೆಯಲ್ಲಿ ವಿಯೆಟ್ನಾಮಿನ ಕೆಲಸಗಾರರು ವಾಸವಾಗಿದ್ದ ಕಟ್ಟಡಕ್ಕೆ ಬೆಂಕಿಯಿಟ್ಟರು. ಒಳಗೆ ನೂರಕ್ಕೂ ಹೆಚ್ಚು ಮಂದಿ ಸಿಕ್ಕಿಕೊಂಡಿದ್ದರು. ಮಾಳಿಗೆಯ ಮೂಲಕ ಪಾರಾಗಿ ಜೀವ ಉಳಿಸಿಕೊಂಡರು. ಕೆಳಗೆ ಸಾವಿರಾರು ಮಂದಿ ನಿಂತು ನೋಡಿದರು, ಅನೇಕರು ಚಪ್ಪಾಳೆ ತಟ್ಟಿದರು. ಅದೇ ವರ್ಷದ ನವೆಂಬರಿನಲ್ಲಿ ಮ್ಯೋಲ್ನ್ ಎಂಬಲ್ಲಿ ತುರ್ಕಿ ಮೂಲದ ಮೂವರು, 1993ರ ಮೇ ತಿಂಗಳಲ್ಲಿ ಜೋಲಿಂಗನ್ ಎಂಬಲ್ಲಿ ಐವರು, ಮನೆಗಿಟ್ಟ ಬೆಂಕಿಯಲ್ಲಿ ಮಡಿದರು. ಎಲ್ಲರೂ ಹೆಂಗಸರು ಮತ್ತು ಹೆಣ್ಣುಮಕ್ಕಳು. ಜರ್ಮನರೆಲ್ಲರೂ ಸುಮ್ಮನಿದ್ದರೆಂದು ಹೇಳುವುದು ನ್ಯಾಯವಲ್ಲ; 1992ರ ಡಿಸೆಂಬರಿನಲ್ಲಿ ಮ್ಯೂನಿಕ್ ನಗರದ ಬೀದಿಗಳಲ್ಲಿ ಲಕ್ಷಾಂತರ ಮಂದಿ ದೀಪಗಳನ್ನು ಹಿಡಿದು ಸಾಲಾಗಿ ನಿಂತು ತಮ್ಮ ವಿರೋಧವನ್ನು ತೋರಿದರು.

ಬೆಂಕಿಯಿಡುವವರನ್ನು ಪೋಲೀಸರು ಹಿಡಿಯಬಹುದು. ಆದರೆ ಬೆಂಕಿಗೆ ಮುಂಚಿನ ಮಾತು ದಿನನಿತ್ಯವೂ ಎಲ್ಲಿ ಹುಟ್ಟುತ್ತದೆ? ಪೆಪೆ ಡಾಂಕ್ವಾರ್ಟ್ ಎಂಬ ನಿರ್ದೇಶಕನು 1993ರಲ್ಲಿ ಹನ್ನೆರಡು ನಿಮಿಷಗಳ ‘ಶ್ವಾರ್ತ್ಸ್‌ಫಾರರ್’ ಚಿತ್ರದಲ್ಲಿ ಅದನ್ನು ತೋರಿಸಿದನು. ಈ ಜರ್ಮನ್ ಪದವನ್ನು ಬಿಡಿಸಿದರೆ ‘ಕಪ್ಪು ಪ್ರಯಾಣಿಕ’ ಎಂದಾಗುತ್ತದೆ. ಬಳಕೆಯ ಅರ್ಥ ‘ಟಿಕೆಟ್ಟಿಲ್ಲದೆ ಪ್ರಯಾಣ ಮಾಡುವವ’. ಬರ್ಲಿನಿನ ಟ್ರಾಮ್ ಬಂಡಿಯಲ್ಲಿ ಕರಿಯ ತರುಣನೊಬ್ಬನು ವೃದ್ಧೆಯೊಬ್ಬಳ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಕುಳಿತುಕೊಳ್ಳಬಹುದೇ ಎಂದು ಸೌಜನ್ಯದಿಂದ ಕೇಳಿಯೇ ಕುಳಿತವನು. ಅವಳು ವಟಗುಟ್ಟತೊಡಗುತ್ತಾಳೆ. ಇವರನ್ನು ಯಾರು ಕರೆದರು, ನಮ್ಮ ತೆರಿಗೆಯ ಹಣದಲ್ಲಿ ಬದುಕುತ್ತಾರೆ, ನಮ್ಮ ರೀತಿನೀತಿಗೆ ಹೊಂದಿಕೊಳ್ಳುವುದಿಲ್ಲ ಎಂದು ಮುಂತಾಗಿ ಅವಳ ಮಾತು ನಿಲ್ಲುವುದೇ ಇಲ್ಲ. ಬಂಡಿಯ ತುಂಬ ಜನರಿದ್ದಾರೆ. ಕೆಲವರು ಕಿಟಕಿಯಾಚೆ ನೋಡುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಒಬ್ಬನೂ ತುಟಿ ಬಿಚ್ಚುವುದಿಲ್ಲ. ಒಬ್ಬ ಪುಟ್ಟ ಹುಡುಗನು ಮಾತ್ರ ಆ ತರುಣನನ್ನು ನೋಡಿ ನಗುತ್ತಾನೆ.

ಅಷ್ಟರಲ್ಲಿ ಟಿಕೆಟ್ ಪರೀಕ್ಷಕನು ಬರುತ್ತಾನೆ. ವೃದ್ಧೆ ತನ್ನ ಟಿಕೆಟನ್ನು ಕೈಯಲ್ಲಿ ಹಿಡಿಯುತ್ತಾಳೆ. ತರುಣನು ಥಟ್ಟನೆ ಅದನ್ನು ಕಸಿದು ಬಾಯಿಗೆ ಹಾಕಿಕೊಂಡು ನುಂಗಿಬಿಡುತ್ತಾನೆ! ತನ್ನ ಚೀಟಿಯನ್ನು ಶಾಂತವಾಗಿ ತೋರಿಸುತ್ತಾನೆ. ಇವನು ನನ್ನ ಟಿಕೆಟನ್ನು ತಿಂದನೆಂದು ವೃದ್ಧೆ ಹೇಳಿದರೆ, ಇಷ್ಟು ದಡ್ಡ ನೆಪವನ್ನು ತಾನು ಕೇಳಿಯೇ ಇಲ್ಲವೆನ್ನುತ್ತಾನೆ ಪರೀಕ್ಷಕ. ಸುತ್ತಲಿನವರು ಎಲ್ಲವನ್ನೂ ಕಂಡಿದ್ದಾರೆ. ಈಗಲೂ ಒಬ್ಬನೂ ಮಾತನಾಡುವುದಿಲ್ಲ. ವೃದ್ಧೆಯು ಬಂಡಿಯಿಂದ ಇಳಿಯಬೇಕಾಗುತ್ತದೆ. ನಿಜವಾಗಿಯೂ ಟಿಕೆಟ್ಟಿಲ್ಲದೆ ಹತ್ತಿದ್ದ ಬಿಳಿಯ ತರುಣನೊಬ್ಬನು ಈ ಗಲಾಟೆಯಲ್ಲಿ ಪಾರಾಗುತ್ತಾನೆ. 1994ರಲ್ಲಿ ಈ ಚಿತ್ರಕ್ಕೂ ಆಸ್ಕರ್ ಪ್ರಶಸ್ತಿ ಬಂದಿತು.

ಮೊದಲ ಸಲ ನೋಡಿದಾಗ ಎಲ್ಲರಂತೆ ನಾನೂ ನಕ್ಕೆನು. ಎರಡನೆಯ ಸಲ ನಗು ಅಷ್ಟು ಸುಲಭವಾಗಿ ಬರಲಿಲ್ಲ. ವೃದ್ಧೆಯನ್ನು ಸೋಲಿಸಿದ್ದು ಯಾರದೋ ನ್ಯಾಯಬುದ್ಧಿಯಲ್ಲ. ತರುಣನ ಅವಮಾನಕ್ಕೆ ಬೇಲಿಯಾಗಿದ್ದ ಅದೇ ಮೌನ ಆಕೆಯ ಪಾಲಿಗೂ ಬಂದಿತು, ಅಷ್ಟೆ. ಆ ಪ್ರಯಾಣಿಕರು ಮೊದಲು ಸತ್ಯವನ್ನು ಹೇಳಲಿಲ್ಲ, ಕೊನೆಗೂ ಸತ್ಯವನ್ನು ಹೇಳಲಿಲ್ಲ. ಯಾರಾದರೊಬ್ಬರು ಆರಂಭದಲ್ಲಿಯೇ ‘ಸಾಕು, ತಾಯಿ’ ಎಂದಿದ್ದರೆ ತರುಣನು ಆ ಉಪಾಯವನ್ನು ಹೂಡಬೇಕಾಗಿರಲಿಲ್ಲ. ಬದುಕಿನಲ್ಲಿ ಅವಮಾನಿತನಾದವನಿಗೆ ಅಂತಹ ಉಪಾಯ ಸದಾ ಹೊಳೆಯುವುದೂ ಇಲ್ಲ, ಫಲಿಸುವುದೂ ಇಲ್ಲ.

ಇವೆಲ್ಲ ಪರದೇಶದ ಸಂಗತಿಗಳೆಂದು ನಾವು ನೆಮ್ಮದಿಯಿಂದ ಇರುವಂತಿಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ತಗುಲಿ ಒಬ್ಬ ಹೆಂಗಸು ಮೃತಳಾದಳು. ಸ್ವಲ್ಪ ಹೊತ್ತಿನ ತರುವಾಯ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ ಟಾಂಜಾನಿಯಾ ದೇಶದ ವಿದ್ಯಾರ್ಥಿನಿಯ ಮೇಲೆ, ಆ ಅಪಘಾತಕ್ಕೂ ಆಕೆಗೂ ಏನೇನೂ ಸಂಬಂಧವಿಲ್ಲದಿದ್ದರೂ, ಗುಂಪು ಕೈಮಾಡಿತು, ಕಾರನ್ನು ಸುಟ್ಟಿತು. ಆಕೆ ಬಸ್ಸೊಂದನ್ನು ಹತ್ತಿ ತಪ್ಪಿಸಿಕೊಳ್ಳಲು ನೋಡಿದಾಗ ಒಳಗಿದ್ದವರು ಕೆಳಕ್ಕೆ ನೂಕಿದರೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಅದು ನಮ್ಮ ಭಾಷೆಯನ್ನಾಡುವ ಊರು. ಬರ್ಲಿನಿನ ಟ್ರಾಮಿನಲ್ಲಿ ಕುಳಿತವರನ್ನು ದೂರುವ ಮುನ್ನ ನಾವು ಆ ಬಸ್ಸನ್ನು ನೆನೆಯಬೇಕು.

ನನ್ನದೇ ಒಂದು ಸಂಗತಿಯನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ಅದು ಪ್ರಾಮಾಣಿಕವಾಗಲಾರದು. 2020ರ ಮಾರ್ಚ್ ತಿಂಗಳ ಮೊದಲ ವಾರಗಳು. ಸಾಂಕ್ರಾಮಿಕದ ಸುದ್ದಿ ಎಲ್ಲರ ಬಾಯಲ್ಲಿತ್ತು, ಶಾಲೆಗಳು ಇನ್ನೂ ಮುಚ್ಚಿರಲಿಲ್ಲ. ಐದನೆಯ ತರಗತಿಯ ಹುಡುಗನೊಬ್ಬನನ್ನು ಕನ್ನಡ ಕಂಠಪಾಠದ ಸ್ಪರ್ಧೆಗೆ ಕರೆದುಕೊಂಡು ಹೋಗಿ, ಹೊಸೂರಿನಿಂದ ಬಸ್ಸಿನಲ್ಲಿ ಹಿಂತಿರುಗುತ್ತಿದ್ದೆ. ನಮ್ಮ ಮುಂದಿನ ಆಸನದಲ್ಲಿ ಈಶಾನ್ಯ ಸೀಮೆಯವನಂತೆ ತೋರುತ್ತಿದ್ದ ತರುಣನೊಬ್ಬನು ಕುಳಿತಿದ್ದನು; ಸುತ್ತಲಿನ ಕಾರ್ಖಾನೆಗಳಲ್ಲಿ ಅಂತಹ ತರುಣರು ಅನೇಕರು ದುಡಿಯುತ್ತಾರೆ. ಇಬ್ಬರು ಪ್ರಯಾಣಿಕರು ಅವನನ್ನು ರೋಗದ ಹೆಸರಿನಿಂದ ಕರೆದರು. ಚೀನಾದವನು ಇಳಿಯಲಿ ಎಂದರು. ನಿರ್ವಾಹಕನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನಾನು ಸುತ್ತಲೂ ನೋಡಿದೆ. ಎಲ್ಲರೂ ಸುತ್ತಲೂ ನೋಡುತ್ತಿದ್ದರು. ಮುಂದಿನ ನಿಲ್ದಾಣದಲ್ಲಿ ಆ ತರುಣನು ಚೀಲವನ್ನು ಎತ್ತಿಕೊಂಡು ತಾನಾಗಿಯೇ ಇಳಿದುಹೋದನು. ಬಸ್ಸು ಹೊರಟ ಮೇಲೆ ನನ್ನ ವಿದ್ಯಾರ್ಥಿಯು ಮೆಲ್ಲಗೆ ಕೇಳಿದನು: “ಸಾರ್, ಅವನು ಟಿಕೆಟ್ ತೆಗೆದುಕೊಂಡಿರಲಿಲ್ಲವೆ?”

“ತೆಗೆದುಕೊಂಡಿದ್ದನು” ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಂದು ಆ ಹುಡುಗನು ಸ್ಪರ್ಧೆಯಲ್ಲಿ ಹೇಳಿದ ಪದ್ಯವನ್ನು ನಾನೇ ಕಲಿಸಿದ್ದೆನು. ಬಸ್ಸಿನಲ್ಲಿ ಅವನು ಕಲಿತದ್ದನ್ನೂ ನಾನೇ ಕಲಿಸಿದಂತಾಯಿತು.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಮೌನದ ರುಚಿ ಹೊಸದಲ್ಲ. ಕಚೇರಿಯ ಕಿಟಕಿಯ ಮುಂದೆ ನಮ್ಮ ಮಾತಿನ ಧಾಟಿಯನ್ನು ಕೇಳಿ ಯಾರೋ ನಕ್ಕಾಗ, ಸಾಲಿನಲ್ಲಿ ಹಿಂದೆ ನಿಂತವರು ಸುಮ್ಮನಿದ್ದುದನ್ನು ನಮ್ಮಲ್ಲಿ ಅನೇಕರು ಬಲ್ಲೆವು. ನಕ್ಕವನ ಮುಖ ಮರೆತುಹೋಗುತ್ತದೆ; ಸುಮ್ಮನಿದ್ದ ಪರಿಚಿತನ ಮುಖ ಮರೆಯುವುದಿಲ್ಲ. ಭಾಷೆಗಾಗಿ ಆಗುವ ಹೀಯಾಳಿಕೆಯೂ ಬಣ್ಣಕ್ಕಾಗಿ ಆಗುವ ಹಿಂಸೆಯೂ ಒಂದೇ ಎಂದು ನಾನು ಹೇಳುವುದಿಲ್ಲ. ಎರಡನೆಯದು ಬಹಳ ಭಾರವಾದುದು. ಆದರೆ ಮೊದಲನೆಯದನ್ನು ಅನುಭವಿಸಿದವನು ಎರಡನೆಯದನ್ನು ಕಂಡಾಗ ಕಿಟಕಿಯಾಚೆ ನೋಡಬಾರದು.

ಈಚೆಗೆ ಟ್ರಾಮಿನ ಚಿತ್ರವನ್ನು ನನ್ನ ತರಗತಿಯ ಮಕ್ಕಳಿಗೆ ತೋರಿಸಿದೆನು. ಮಾತುಗಳ ಅರ್ಥವನ್ನು ನಡುನಡುವೆ ಕನ್ನಡದಲ್ಲಿ ಹೇಳಿದೆನು. ತರುಣನು ಟಿಕೆಟ್ ನುಂಗಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ, ಆ ಬಂಡಿಯಲ್ಲಿ ಯಾರು ಯಾರು ಮಾತನಾಡಬಹುದಾಗಿತ್ತು, ಏನೆಂದು ಮಾತನಾಡಬಹುದಾಗಿತ್ತು ಎಂದು ಕೇಳಿದೆನು. ಒಬ್ಬಳು, ಆ ಹುಡುಗನ ಪಕ್ಕದ ದೊಡ್ಡವರು ಹೇಳಬಹುದಿತ್ತು ಎಂದಳು. ಇನ್ನೊಬ್ಬನು, ಜಗಳವಾಡದೆ ತನ್ನ ಜಾಗವನ್ನು ತರುಣನಿಗೆ ಬಿಟ್ಟುಕೊಟ್ಟಿದ್ದರೂ ಸಾಕಾಗಿತ್ತು ಎಂದನು. ಮೂರನೆಯವನು, ತಾನಾಗಿದ್ದರೆ ಹೆದರುತ್ತಿದ್ದೆ ಎಂದನು. ಮೂರು ಉತ್ತರಗಳೂ ನನಗೆ ಸರಿಯೆಂದೇ ತೋರಿದವು. ಹೆದರಿಕೆ ಇದೆಯೆಂದು ಒಪ್ಪಿಕೊಂಡವನಿಗೆ, ಹೆದರಿಕೆಯ ನಡುವೆಯೂ ಆಡಬಹುದಾದ ಒಂದು ಸಣ್ಣ ಮಾತನ್ನು ಕಲಿಸಬಹುದು.

ಉಪಾಧ್ಯಾಯ ಬಂಧುಗಳು ಈ ಪ್ರಶ್ನೆಯನ್ನು ತಮ್ಮ ತಮ್ಮ ತರಗತಿಗಳಲ್ಲಿಯೂ ಕೇಳಿ ನೋಡಬೇಕೆಂದು ನನ್ನ ವಿನಂತಿ. ಯಂತ್ರದ ಅನುಕೂಲವಿಲ್ಲದಿದ್ದರೆ ಕಥೆಯನ್ನು ಬಾಯಲ್ಲಿ ಹೇಳಿದರೂ ಆದೀತು. ಹೊಸೂರಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗನು ಈಗ ದೊಡ್ಡ ಶಾಲೆಯಲ್ಲಿ ಓದುತ್ತಿದ್ದಾನೆ. ಅವನು ಸಿಕ್ಕಾಗ, ಅಂದು ಹೇಳದೆ ಬಿಟ್ಟ ಉತ್ತರವನ್ನು ಹೇಳಬೇಕೆಂದಿದ್ದೇನೆ: ಟಿಕೆಟ್ ಅವನಲ್ಲಿತ್ತು, ಮಾತು ನನ್ನಲ್ಲಿತ್ತು, ನಾನು ಅದನ್ನು ಆಡಲಿಲ್ಲ.